ಅರವತ್ತು ಪೈಸೆಯ ಪುಸ್ತಕ

ಚಿತ್ರದಲ್ಲಿ ಕಥೆ ಹೇಳುವ ಪದ್ಧತಿ ಧಾರವಾಡ ಜಿಲ್ಲೆಗೆ ಹೊಸದೇನಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲುಗಳ ಪಕ್ಕೆಗಳ ಮೇಲೆ ರಾಮಾಯಣ, ಮಹಾಭಾರತ, ಕೃಷ್ಣಲೀಲೆಗಳ ಪ್ರಸಂಗಗಳನ್ನು ಒಂದರ ಪಕ್ಕ ಒಂದರಂತೆ ಬರೆದಿರುತ್ತಾರೆ. ಅಕ್ಷರವರಿಯದ ಕೂಸಿಗೂ ಅದು ಒಂದು ಪುಸ್ತಕವೇ. ತೊಟ್ಟಿಲು ಅಗ್ಗದ ವಸ್ತುವಲ್ಲ. ಆದರೆ ಒಮ್ಮೆ ಮನೆಗೆ ಬಂದರೆ ಎರಡು ಮೂರು ತಲೆಮಾರಿನ ಮಕ್ಕಳು ಅದರಲ್ಲಿ ಮಲಗಿ ಎದ್ದು ಹೋಗುವುದುಂಟು.

ಅಚ್ಚಾದ ಚಿತ್ರಕಥೆಯ ಪುಸ್ತಕಗಳು ಹಳ್ಳಿಗಳಿಗೆ ಬಂದದ್ದು ಬಹಳ ತಡವಾಗಿ. ಜನರು ಅವುಗಳನ್ನು ‘ಕಾಮಿಕ್ಸ್’ ಎಂದೇ ಕರೆದರು. 1964ರ ಮಾರ್ಚ್ ತಿಂಗಳಲ್ಲಿ ಮುಂಬಯಿಯಿಂದ ‘ಇಂದ್ರಜಾಲ ಕಾಮಿಕ್ಸ್’ ಹೊರಟಿತು. ಆಗ ಅದರ ಬೆಲೆ 60 ಪೈಸೆ. ಫ್ಯಾಂಟಮ್, ಮ್ಯಾಂಡ್ರೇಕ್ ಮೊದಲಾದ ಪರದೇಶದ ವೀರರು ಮೊದಲು ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿಯೂ ಮುಂದೆ ಕನ್ನಡದಲ್ಲಿಯೂ ಮಾತನಾಡಿದರು. ಇನ್ನೊಂದು ಮಾಲೆಯ ಚರಿತ್ರೆಯಲ್ಲಿ ಕನ್ನಡಕ್ಕೆ ಹಿರಿಯ ಪಾಲಿದೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ 1965ರಲ್ಲಿ ಅಮರ ಚಿತ್ರಕಥೆಯ ಮೊದಲ ಪುಸ್ತಕಗಳು ಪ್ರಕಟವಾದದ್ದು ಕನ್ನಡದಲ್ಲಿ. ಅವು ಪಾಶ್ಚಾತ್ಯ ಕಿನ್ನರ ಕಥೆಗಳ ಅನುವಾದಗಳಾಗಿದ್ದವು. ಆಮೇಲೆ ಕಾರ್ಕಳದಲ್ಲಿ 1929ರಲ್ಲಿ ಜನಿಸಿದ ಅನಂತ ಪೈ ಅವರು ಭಾರತದ ಪುರಾಣ, ಇತಿಹಾಸಗಳನ್ನು ಈ ಮಾಲೆಗೆ ತಂದರು. ಇಂಗ್ಲಿಷಿನ ‘ಕೃಷ್ಣ’ ಪುಸ್ತಕಕ್ಕೆ ಹನ್ನೊಂದನೆಯ ಸಂಖ್ಯೆ ಏಕೆ ಬಂತೆಂದು ಬೆರಗಾಗುವವರು ಇಂದಿಗೂ ಇದ್ದಾರೆ. ಮೊದಲ ಹತ್ತು ಸಂಖ್ಯೆಗಳನ್ನು ಕನ್ನಡವು ಆಗಲೇ ಪಡೆದುಕೊಂಡಿತ್ತು!

ಈ ಪುಸ್ತಕಗಳು ಹಳ್ಳಿಗೆ ತಲುಪುತ್ತಿದ್ದುದು ಹುಬ್ಬಳ್ಳಿಯ ದಾರಿಯಿಂದ. ಅಣ್ಣಿಗೇರಿ, ಕುಂದಗೋಳಗಳವರಿಗೆ ರೈಲು; ನವಲಗುಂದ, ಕಲಘಟಗಿಗಳವರಿಗೆ ಬಸ್ಸು. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿಗಳನ್ನು ಪೇಟೆಗೆ ಒಯ್ದ ತಂದೆ ಮರಳುವಾಗ ನಿಲ್ದಾಣದ ಪುಸ್ತಕದ ಅಂಗಡಿಯಲ್ಲಿ ಒಂದನ್ನು ಕೊಂಡು ತಂದರೆ ಮನೆಯಲ್ಲಿ ಹಬ್ಬ. “ಅಪ್ಪಾ, ಬರೂವಾಗ ಒಂದ ಕಾಮಿಕ್ಸ್ ತೊಗೊಂಡ ಬಾ” ಎಂದು ಮಗ ಅಂಗಲಾಚುವುದು, “ಈ ಸಲ ಉಳ್ಳಾಗಡ್ಡಿಗೆ ರೇಟ್ ಇಲ್ಲಪಾ, ಮುಂದಿನ ಸಲ ನೋಡೂಣು” ಎಂದು ತಂದೆ ಹೇಳುವುದು ಎಷ್ಟೋ ಮನೆಗಳಲ್ಲಿ ನಡೆದ ಸಂಭಾಷಣೆ.

ಅಂದು ಹೀಗೆ ಕಾದು ಓದಿದ ಬಾಲಕರು ಇಂದು ಅರವತ್ತು ದಾಟಿದ್ದಾರೆ. ಒಂದು ಚಿತ್ರಕಥೆಯ ಪುಸ್ತಕಕ್ಕೆ ನೂರು ರೂಪಾಯಿಯ ಆಸುಪಾಸಿನ ಬೆಲೆಯನ್ನು ಕಂಡಾಗ ಅವರು ನಿಟ್ಟುಸಿರು ಬಿಡುತ್ತಾರೆ, “ಅರವತ್ತು ಪೈಸೆಗೆ ಸಿಗುತ್ತಿದ್ದುದು ಇದೇ ಅಲ್ಲವೆ?” ಎಂದು ಕೇಳುತ್ತಾರೆ. ನೆನಪು ನಿಜವೇ, ಆದರೆ ಲೆಕ್ಕವನ್ನು ಪೂರ್ತಿ ಮಾಡಿ ನೋಡಬೇಕು. 1964–65ರ ಸುಮಾರಿಗೆ ಹೊಲದಲ್ಲಿ ದುಡಿಯುವ ಗಂಡಾಳಿನ ದಿನಗೂಲಿ ಒಂದೂವರೆ ರೂಪಾಯಿಯ ಆಜುಬಾಜಿನಲ್ಲಿತ್ತು. ಅಂದರೆ 60 ಪೈಸೆ ಎಂಬುದು ದಿನದ ದುಡಿಮೆಯಲ್ಲಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿ ಯೋಜನೆಯ ದಿನಗೂಲಿ 370 ರೂಪಾಯಿ. ನೂರು ನೂರಿಪ್ಪತ್ತು ರೂಪಾಯಿಯ ಪುಸ್ತಕವೆಂದರೆ ಇಂದೂ ಅದೇ ಮೂರನೆಯ ಒಂದು ಪಾಲು! ಕೂಲಿಕಾರನ ಮನೆಗೆ ಈ ಪುಸ್ತಕ ಅಂದೂ ತುಟ್ಟಿಯಾಗಿತ್ತು, ಇಂದೂ ತುಟ್ಟಿಯಾಗಿದೆ.

ಹಾಗಾದರೆ ಅದು ಅಗ್ಗವಾಗಿತ್ತೆಂಬ ಭಾವನೆ ಬಂದದ್ದೆಲ್ಲಿಂದ? ಒಂದು ಪ್ರತಿಯನ್ನು ಓದುತ್ತಿದ್ದವರ ಸಂಖ್ಯೆಯಲ್ಲಿ ಇದರ ಗುಟ್ಟಿದೆ. ಕೊಂಡವನು ಒಬ್ಬ, ಓದುವವರು ಓಣಿಯ ತುಂಬ. ಒಬ್ಬನ ಫ್ಯಾಂಟಮ್‌ಗೆ ಇನ್ನೊಬ್ಬನ ಮ್ಯಾಂಡ್ರೇಕ್ ಬದಲಾಗುತ್ತಿತ್ತು. ಊರಲ್ಲಿ ಬಾಡಿಗೆಯ ಪುಸ್ತಕದಂಗಡಿ ಇದ್ದರೆ ದಿನಕ್ಕೆ ಕೆಲವೇ ಪೈಸೆ ಕೊಟ್ಟು ಒಯ್ಯಬಹುದಿತ್ತು. ರಟ್ಟು ಹರಿದು, ಮೊದಲ ಪುಟ ಕಳೆದು, ಕಥೆಯ ಆರಂಭವನ್ನು ಊಹಿಸಿಕೊಂಡೇ ಓದಿದವರು ಎಷ್ಟೋ ಮಂದಿ. ಬೆಲೆಯು ಹತ್ತಾರು ಓದುಗರಲ್ಲಿ ಹಂಚಿಹೋಗುತ್ತಿದ್ದುದರಿಂದ ಯಾರಿಗೂ ಅದರ ಭಾರ ತಟ್ಟಲಿಲ್ಲ. ಕೈಯಿಂದ ಕೈಗೆ ಹೋಗುವ ಈ ಸರಪಳಿ ಕಡಿದುಬಿದ್ದಿದೆ. ಮೊದಲು ದೂರದರ್ಶನ, ಆಮೇಲೆ ಮೊಬೈಲು ಮಕ್ಕಳ ಬಿಡುವನ್ನು ತಮ್ಮದಾಗಿಸಿಕೊಂಡವು. ಬಾಡಿಗೆಯ ಅಂಗಡಿಗಳು ಕದವಿಕ್ಕಿದವು. ಇಂದ್ರಜಾಲ ಕಾಮಿಕ್ಸ್ 1990ರಲ್ಲಿಯೇ ನಿಂತುಹೋಯಿತು. ಈಗ ಕೊಳ್ಳುವವನೂ ಓದುವವನೂ ಒಬ್ಬನೇ. ಪೂರ್ತಿ ಬೆಲೆಯನ್ನು ಅವನೇ ಹೊರಬೇಕು.

ಪ್ರಕಾಶಕನ ಕಷ್ಟವನ್ನೂ ಮರೆಯುವಂತಿಲ್ಲ. ಕಥೆ ಬರೆಯುವವನಿಗೆ, ಚಿತ್ರ ಬಿಡಿಸುವವನಿಗೆ, ಬಣ್ಣ ತುಂಬುವವನಿಗೆ ಕೊಡಬೇಕಾದ ಸಂಭಾವನೆ, ಸಾವಿರ ಪ್ರತಿ ಅಚ್ಚಾದರೂ ಅಷ್ಟೇ, ಲಕ್ಷ ಪ್ರತಿ ಅಚ್ಚಾದರೂ ಅಷ್ಟೇ. ಪ್ರತಿಗಳು ಕಡಿಮೆಯಾದಂತೆ ಒಂದೊಂದು ಪ್ರತಿಯ ತಲೆಯ ಮೇಲಿನ ಭಾರ ಹೆಚ್ಚುತ್ತದೆ. ಬೆಲೆ ಏರಿದರೆ ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ಇದು ಗಾಣದೆತ್ತಿನ ಸುತ್ತು. ಪುಸ್ತಕದ ಮೇಲೆ ಸರಕು ಮತ್ತು ಸೇವಾ ತೆರಿಗೆ ಇಲ್ಲದಿದ್ದರೂ ಅಚ್ಚಿನ ಕಾಗದ, ಮಸಿಗಳ ಮೇಲೆ ಇದೆ.

ಅಮೆರಿಕದ ಉದಾಹರಣೆ ಇಲ್ಲಿ ಉಪಯುಕ್ತ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಪುಸ್ತಕದ ಬೆಲೆ 10 ಸೆಂಟ್. ಅಲ್ಲಿಯ ಪ್ರಕಾಶಕರು ಆ ಬೆಲೆಯನ್ನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಉಳಿಸಿಕೊಂಡರು. ಉಳಿಸಿಕೊಂಡ ಉಪಾಯವೇನೆಂದರೆ, ಅರವತ್ತನಾಲ್ಕು ಪುಟಗಳ ಪುಸ್ತಕವನ್ನು ಮೆಲ್ಲಮೆಲ್ಲನೆ ಮೂವತ್ತೆರಡು ಪುಟಗಳಿಗೆ ಇಳಿಸಿದ್ದು! ಸಂತೆಯಲ್ಲಿ ದರ ಏರಿಸದೆ ತೂಕ ಇಳಿಸುವ ವ್ಯಾಪಾರಿಯ ಜಾಣತನವೇ ಇದು. 1961ರಲ್ಲಿ ಡೆಲ್ ಎಂಬ ದೊಡ್ಡ ಸಂಸ್ಥೆ ಧೈರ್ಯಮಾಡಿ ಬೆಲೆಯನ್ನು ಒಮ್ಮೆಲೇ 15 ಸೆಂಟಿಗೆ ಏರಿಸಿತು. ಉಳಿದವರು 12 ಸೆಂಟಿಗೆ ನಿಂತರು. ಮಕ್ಕಳು ಮೂರು ಸೆಂಟಿನ ವ್ಯತ್ಯಾಸವನ್ನು ಗುರುತಿಸದೆ ಇರಲಿಲ್ಲ. ಡೆಲ್ ಮತ್ತೆ ಬೆಲೆ ಇಳಿಸಬೇಕಾಯಿತು. ಇತ್ತ ಆ 1938ರ ಪುಸ್ತಕದ ಒಂದು ಪ್ರತಿ 2024ರ ಏಪ್ರಿಲ್ ತಿಂಗಳಲ್ಲಿ ಹರಾಜಿನಲ್ಲಿ 60 ಲಕ್ಷ ಡಾಲರುಗಳಿಗೆ ಹೋಯಿತು.

ಹಳೆಯ ಪ್ರತಿಗಳ ಈ ಬೆಲೆಯೇ ಬೇರೊಂದು ಬಗೆಯದು. ಹಳೆಯ ಇಂದ್ರಜಾಲಕ್ಕೂ ಸಂಗ್ರಾಹಕರು ಮೂಲಬೆಲೆಯ ನೂರಾರು ಪಟ್ಟು ಕೊಡುತ್ತಾರೆ. ಹೊಸದಾಗಿ ಅಚ್ಚಾಗುವವುಗಳಲ್ಲಿಯೂ ದಪ್ಪ ರಟ್ಟಿನ, ನುಣುಪು ಕಾಗದದ ಸಂಪುಟಗಳು ಹೆಚ್ಚುತ್ತಿವೆ. ಅವು ಸಂಬಳವುಳ್ಳ, ಬಾಲ್ಯವನ್ನು ಮತ್ತೆ ಕೊಳ್ಳಬಯಸುವ ದೊಡ್ಡವರಿಗಾಗಿ ಸಿದ್ಧವಾದವು. ದೊಡ್ಡವರು ಓದುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಹತ್ತು ವರ್ಷದ ಮಗುವಿಗಾಗಿ ಹುಟ್ಟಿದ ಪುಸ್ತಕ ಆ ಮಗುವಿನ ಕೈಗೆ ಎಟುಕದ ಕಪಾಟನ್ನು ಏರಿ ಕುಳಿತದ್ದು ವಿಪರ್ಯಾಸ. ಇಂದಿನ ಮಗು ಓದದಿದ್ದರೆ ಮೂವತ್ತು ವರ್ಷಗಳ ಅನಂತರ ಆ ದಪ್ಪ ಸಂಪುಟಗಳನ್ನು ಕೊಳ್ಳಲು ಹಳೆಯ ಅಭಿಮಾನಿಗಳಾದರೂ ಎಲ್ಲಿಂದ ಬರಬೇಕು?

ಪುಸ್ತಕದ ಭಾರವನ್ನು ಹಲವರು ಹೊರುವ ಕ್ರಮ ಧಾರವಾಡಕ್ಕೆ ತಿಳಿಯದ್ದಲ್ಲ. 1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯು ಚಂದಾದಾರರ ಬಲದಿಂದ ಬೆಳೆಯಿತು. ವರ್ಷಕ್ಕೊಮ್ಮೆ ಹಣ ಕಟ್ಟಿದ ಸದಸ್ಯರಿಗೆ ಪುಸ್ತಕಗಳು ಅಂಚೆಯಲ್ಲಿ ಹೋಗುತ್ತಿದ್ದವು. ಅಂಚೆಯ ದಾರಿಯೂ ಈಗ ಮೊದಲಿನಂತಿಲ್ಲ. ಪುಸ್ತಕಗಳಿಗೆಂದೇ ಇದ್ದ ಕಡಿಮೆ ದರದ ನೋಂದಾಯಿತ ಪುಸ್ತಕ ಅಂಚೆಯನ್ನು 2024ರ ಡಿಸೆಂಬರ್ ತಿಂಗಳಲ್ಲಿ ನಿಲ್ಲಿಸಲಾಯಿತು. ನೂರು ರೂಪಾಯಿಯ ಪುಸ್ತಕವನ್ನು ತರಿಸುವ ಹಳ್ಳಿಯ ಓದುಗ ಆಗ ಸಾಗಣೆಯ ವೆಚ್ಚಕ್ಕೆ ಬೇರೆ ಅಂಜಬೇಕಾಯಿತು.

ಉಳಿದ ದಾರಿ ಊರಿನ ಗ್ರಂಥಾಲಯ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದು, ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಅಲ್ಲಿ ಓದುವ ಮಗುವಿಗೆ ಪುಸ್ತಕದ ಬೆಲೆಯೇ ಕಾಣುವುದಿಲ್ಲ. ಹಳೆಯ ಅಭಿಮಾನಿಗಳು ತಮ್ಮ ಟ್ರಂಕಿನ ತಳದಲ್ಲಿರುವ ಪ್ರತಿಗಳನ್ನು ಅಲ್ಲಿಗೆ ಕೊಡಬಹುದಲ್ಲ ಎಂದು ಹೇಳುವುದು ಸುಲಭ. ಆದರೆ ಗ್ರಂಥಾಲಯದ ಮೇಜಿನ ಮೇಲಿಟ್ಟ ಕಾಮಿಕ್ಸ್ ಒಂದು ಬೇಸಿಗೆಯ ರಜೆಯಲ್ಲಿ ಚಿಂದಿಯಾಗುತ್ತದೆ; ಟ್ರಂಕಿನಲ್ಲಿಟ್ಟದ್ದು ವರ್ಷದಿಂದ ವರ್ಷಕ್ಕೆ ಬೆಲೆಬಾಳುತ್ತದೆ. ಓಣಿಯ ಗೆಳೆಯರ ಬೆವರ ಕೈಗಳಲ್ಲಿ ಸುಕ್ಕಾದ ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು ಮೊಮ್ಮಗನಿಗೆ ಕೊಡುವಾಗಲೂ ಅಜ್ಜ ಹೇಳುವ ಮೊದಲ ಮಾತು, “ಹಗೂರಕ ತಿರುವಪಾ, ಹರದೀತು” ಎಂಬುದೇ ಆಗಿರುತ್ತದೆ.