ಗೋಪುರವು ಬೂದು ಬಣ್ಣಕ್ಕೆ ತಿರುಗಿದುದೇಕೆ?

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸಮೀಪದಲ್ಲಿ ವಿದ್ಯಾನಗರವೆಂಬ ಹೆಸರಿನ ವಿಮಾನ ನಿಲ್ದಾಣವೊಂದಿದೆ. ಅಲ್ಲಿಂದ ಮೇಲೆದ್ದ ವಿಮಾನವು ವಾಯವ್ಯಕ್ಕೆ ಮುಖ ಮಾಡಿತೆಂದರೆ, ಸುಮಾರು ೨೫ ಕಿಲೋಮೀಟರು ದೂರದಲ್ಲಿ ಹಂಪೆಯ ಬಂಡೆಗುಡ್ಡಗಳು ಎದುರಾಗುತ್ತವೆ. ಎಡಮಗ್ಗುಲಿಗೆ ಸಂಡೂರಿನ ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳು. ಬಲಕ್ಕೆ, ತುಂಗಭದ್ರೆಯ ದಂಡೆಯಲ್ಲಿ, ಕಂಪ್ಲಿಯ ಗದ್ದೆಗಳು. ಎದುರಿಗೆ ತುಸು ಎಡಕ್ಕೆ ಹೊಸಪೇಟೆ, ಅದರಾಚೆ ೧೯೫೩ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನಿಂತ ನೀರಿನ ಹರವು.

ಈ ಪ್ರಯಾಣವನ್ನು ಮೇಜಿನ ಮುಂದೆ ಕುಳಿತೇ ಮಾಡಿಸಬಲ್ಲ ತಂತ್ರಾಂಶಕ್ಕೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. ಅದರೊಡನೆ ಬರುವ ಭೂದೃಶ್ಯವು ಜಗತ್ತಿನ ಮಹಾನಗರಗಳಿಗೆ ತೋರಿದ ಆದರವನ್ನು ನಮ್ಮ ಸೀಮೆಗೆ ತೋರುವುದು ಅಪರೂಪ. ಆದುದರಿಂದ ಉತ್ಸಾಹಿಗಳು ಗುಡಿಗೋಪುರಗಳನ್ನು ತಾವೇ ರಚಿಸಿ, ‘ಸೀನರಿ’ ಎಂಬ ಹೆಸರಿನಲ್ಲಿ ಅದಕ್ಕೆ ಕೂಡಿಸುತ್ತಾರೆ. ಕೂಡಿಸಿದ ಮೊದಲ ದಿನ ಅನೇಕರಿಗೆ ಒದಗುವ ಅನುಭವವು ಒಂದೇ ಬಗೆಯದು. ವಿರೂಪಾಕ್ಷ ದೇವಾಲಯದ ಸುಮಾರು ೫೦ ಮೀಟರು ಎತ್ತರದ ಗೋಪುರವು ನಿಲ್ಲಬೇಕಾದ ಸ್ಥಳದಲ್ಲಿ ನಿಂತೇ ಇರುತ್ತದೆ. ಆದರೆ ಅದರ ಮೈಮೇಲೆ ಶಿಲ್ಪವಿಲ್ಲ, ಬಣ್ಣವಿಲ್ಲ. ಸಿಮೆಂಟು ಮೆತ್ತಿದ ಗೂಟದಂತೆ ಅದು ಬೂದಾಗಿ ಕಾಣುತ್ತದೆ. ಕೆಲವು ತಂತ್ರಾಂಶಗಳಲ್ಲಿ ಕಪ್ಪಾಗಿಯೋ ಅಚ್ಚಬಿಳುಪಾಗಿಯೋ ಕಾಣುವುದೂ ಉಂಟು. ‘ಟೆಕ್ಸ್ಚರ್ ಕಾಣೆಯಾಗಿದೆ’ ಎನ್ನುವುದು ಇದಕ್ಕೇ.

ಟೆಕ್ಸ್ಚರ್ ಎಂದರೇನು? ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಗೊಂಬೆಗಳನ್ನು ಮಾಡುವುದನ್ನು ವಾಚಕರು ಕೇಳಿರಬಹುದು. ಮೊದಲು ಹಗುರವಾದ ಮರವನ್ನು ಕೆತ್ತಿ ಆಕಾರ ಕೊಡುತ್ತಾರೆ. ಆಮೇಲೆ ಬಣ್ಣವನ್ನು ಬಳಿದು ಕಣ್ಣು, ಹುಬ್ಬು, ಒಡವೆಗಳನ್ನು ಬರೆಯುತ್ತಾರೆ. ಸಿಮ್ಯುಲೇಟರಿನ ಗೋಪುರವೂ ಹಾಗೆಯೇ ಎರಡು ಪಾಲಿನದು. ಆಕಾರವು ಒಂದು ಕಡತದಲ್ಲಿರುತ್ತದೆ. ಅದರ ಮೇಲೆ ಹೊದಿಸತಕ್ಕ ಚಿತ್ರವು ಬೇರೊಂದು ಕಡತದಲ್ಲಿ. ಈ ಚಿತ್ರವೇ ಟೆಕ್ಸ್ಚರ್. ಬೂದು ಗೋಪುರವನ್ನು ಕಂಡೊಡನೆ ನಾವು ತಿಳಿಯಬೇಕಾದುದೇನೆಂದರೆ, ಆಕಾರದ ಕಡತವು ಕ್ಷೇಮವಾಗಿದೆ, ಅದು ಓದಲ್ಪಟ್ಟಿದೆ. ಕೆಟ್ಟಿರುವುದು ಎರಡನೆಯ ಪಾಲು ಮಾತ್ರ.

ಹಂಪೆಯ ವಿಷಯದಲ್ಲಿ ಈ ಎರಡನೆಯ ಪಾಲಿನ ಮಹತ್ವವು ಬಹಳ ಹೆಚ್ಚು. ೨೦೦೦ದ ಫೆಬ್ರವರಿಯಲ್ಲಿ ‘ಎಂಡೆವರ್’ ಬಾಹ್ಯಾಕಾಶ ನೌಕೆಯು ೧೧ ದಿನಗಳ ಯಾನದಲ್ಲಿ ರೇಡಾರಿನ ನೆರವಿನಿಂದ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆಯಿತು. ಅನೇಕ ಸೀನರಿಗಳ ನೆಲದ ಏರಿಳಿತವು ಈ ಅಳತೆಯಿಂದಲೇ ಬಂದುದು. ಇದರಲ್ಲಿ ಸುಮಾರು ೩೦ ಮೀಟರಿಗೊಂದರಂತೆ ಎತ್ತರದ ಬಿಂದುಗಳಿವೆ. ಮನೆಯಷ್ಟು ದೊಡ್ಡ ಬಂಡೆಯೂ ಎರಡು ಬಿಂದುಗಳ ನಡುವೆ ಅಡಗಿಹೋದೀತು! ಮಾತಂಗ ಪರ್ವತವು ಇಂಥ ಅಳತೆಯಲ್ಲಿ ನುಣುಪಾದ ದಿಬ್ಬವೇ ಸರಿ. ಒಂದರ ಮೇಲೊಂದು ಕುಳಿತ ಬಂಡೆಗಳೆಲ್ಲ ಮೇಲೆ ಹೊದಿಸಿದ ಚಿತ್ರದಲ್ಲಿ ಮಾತ್ರ ಇರುತ್ತವೆ. ಚಿತ್ರವು ಹೋಯಿತೆಂದರೆ ಹಂಪೆಯೇ ಹೋದಂತೆ.

ನೆಲದ ಚಿತ್ರವು ಒಂದೇ ಹಾಳೆಯಲ್ಲ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರು ಭೂಮಿಯನ್ನು ಅಕ್ಷಾಂಶ ರೇಖಾಂಶಗಳ ಒಂದೊಂದು ಡಿಗ್ರಿಯ ಚೌಕಗಳಾಗಿ ಭಾಗಿಸುತ್ತದೆ. ಉತ್ತರ ಅಕ್ಷಾಂಶ ೧೫, ಪೂರ್ವ ರೇಖಾಂಶ ೭೬ರಿಂದ ಆರಂಭವಾಗುವ ಒಂದೇ ಚೌಕದೊಳಗೆ ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ ನಾಲ್ಕೂ ಅಡಕವಾಗಿರುವುದು ನಮ್ಮ ಭಾಗ್ಯವೆನ್ನಬೇಕು. ಆ ಚೌಕವು ಸುಮಾರು ೧೧೦ ಕಿಲೋಮೀಟರು ಉದ್ದ, ೧೦೭ ಕಿಲೋಮೀಟರು ಅಗಲ. ಒಂದು ಮೀಟರಿಗೆ ಒಂದು ಬಣ್ಣದ ಚುಕ್ಕೆಯಂತೆ ಚಿತ್ರಿಸಿದರೂ ಸುಮಾರು ೧,೨೦೦ ಕೋಟಿ ಚುಕ್ಕೆಗಳು ಬೇಕು. ಆದ್ದರಿಂದ ಚಿತ್ರವನ್ನು ೪,೦೯೬ ಚುಕ್ಕೆ ಉದ್ದಗಲದ ತುಂಡುಗಳಾಗಿ ಕತ್ತರಿಸುತ್ತಾರೆ. ಲೆಕ್ಕ ಹಾಕಿ ನೋಡಿರಿ: ಸುಮಾರು ೭೦೦ ತುಂಡುಗಳು. ಪ್ರತಿಯೊಂದು ತುಂಡೂ ಒಂದು ಕಡತ. ಪ್ರತಿ ಕಡತಕ್ಕೂ ಒಂದು ಹೆಸರು.

ವಿಷಯದ ಮರ್ಮವಿರುವುದು ಈ ಹೆಸರಿನಲ್ಲಿಯೇ. ಆಕಾರದ ಕಡತವು ಚಿತ್ರವನ್ನು ತನ್ನೊಳಗೆ ಇಟ್ಟುಕೊಂಡಿರುವುದಿಲ್ಲ. ಚಿತ್ರದ ಹೆಸರನ್ನೂ ಅದಿರುವ ವಿಳಾಸವನ್ನೂ ಮಾತ್ರ ಇಟ್ಟುಕೊಂಡಿರುತ್ತದೆ. ಎಕ್ಸ್-ಪ್ಲೇನಿನ ಆಕಾರದ ಕಡತವನ್ನು ಸಾಮಾನ್ಯ ಅಕ್ಷರ ಸಂಪಾದಕದಲ್ಲಿ ತೆರೆದು ನೋಡಬಹುದು. ‘ಟೆಕ್ಸ್ಚರ್’ ಎಂದು ಆರಂಭವಾಗುವ ಸಾಲಿನಲ್ಲಿ ಚಿತ್ರದ ಹೆಸರು ಸ್ಪಷ್ಟವಾಗಿರುತ್ತದೆ. ಮೈಕ್ರೋಸಾಫ್ಟಿನ ೨೦೦೬ರ ಸಿಮ್ಯುಲೇಟರಿನಲ್ಲಿಯಾದರೋ, ಪ್ರತಿ ಸೀನರಿಯ ಫೋಲ್ಡರಿನಲ್ಲಿಯೂ ‘ಸೀನರಿ’, ‘ಟೆಕ್ಸ್ಚರ್’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕದಲ್ಲಿರಬೇಕೆಂಬುದು ಕಟ್ಟಳೆ. ಮೊದಲನೆಯದನ್ನು ಮಾತ್ರ ಬೇರೆಡೆಗೆ ಸಾಗಿಸಿದವನಿಗೆ ಬೂದು ಗೋಪುರವೇ ಗತಿ.

ಇನ್ನು ರೋಗಲಕ್ಷಣಗಳನ್ನು ನೋಡೋಣ. ಹಂಪೆಯ ಮಂಟಪ, ಗೋಪುರ, ರಥ ಎಲ್ಲವೂ ಒಟ್ಟಿಗೆ ಬೂದಾಗಿದ್ದರೆ ಒಂದೊಂದು ಚಿತ್ರವನ್ನು ಸಂಶಯಿಸುವುದು ವ್ಯರ್ಥ. ಇಡೀ ಫೋಲ್ಡರಿನ ಸ್ಥಾನ ತಪ್ಪಿದೆ. ಅಡಕಿಸಿ ಕಟ್ಟಿದ ಕಡತವನ್ನು ಬಿಚ್ಚುವಾಗ ಫೋಲ್ಡರಿನೊಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರು ಹುಟ್ಟಿಕೊಳ್ಳುವುದು ಇದರ ಅತ್ಯಂತ ಸಾಮಾನ್ಯ ಕಾರಣ. ಎಲ್ಲವೂ ಸರಿಯಿದ್ದು ಕಂಪ್ಲಿಯ ಗದ್ದೆಗಳ ನಡುವೆ ಒಂದೇ ಒಂದು ಚೌಕವು ಖಾಲಿಯಾಗಿದ್ದರೆ, ಆ ಒಂದು ತುಂಡು ಇಳಿಸಿಕೊಳ್ಳುವಾಗ ಅರ್ಧಕ್ಕೇ ನಿಂತಿರಬೇಕು. ಕಡತದ ಗಾತ್ರವನ್ನು ನೆರೆಯವುಗಳೊಡನೆ ಹೋಲಿಸಿದರೆ ತಿಳಿಯುತ್ತದೆ. ಗೆಳೆಯನ ವಿಂಡೋಸ್ ಯಂತ್ರದಲ್ಲಿ ನೆಟ್ಟಗಿದ್ದುದು ನಮ್ಮ ಲಿನಕ್ಸ್ ಯಂತ್ರದಲ್ಲಿ ಬೂದಾಯಿತೆಂದರೆ, ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿರಿ. ವಿಂಡೋಸ್ ಸಾಮಾನ್ಯವಾಗಿ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದವೆಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ.

ಗೋಪುರದ ಆಕಾರವೇ ಕಾಣದಿದ್ದರೆ ಅದು ಟೆಕ್ಸ್ಚರಿನ ರೋಗವಲ್ಲ. ಆಗ ಸೀನರಿಗಳ ಪಟ್ಟಿಯ ಕ್ರಮವನ್ನು ಪರೀಕ್ಷಿಸಬೇಕು. ಎಕ್ಸ್-ಪ್ಲೇನಿನ ಪಟ್ಟಿಯಲ್ಲಿ ಮೇಲಿನದಕ್ಕೆ ಪ್ರಾಶಸ್ತ್ಯ. ನೆಲದ ಸೀನರಿಯನ್ನು ಮೇಲಿಟ್ಟು ಗೋಪುರಗಳನ್ನು ಕೆಳಗಿಟ್ಟರೆ, ನೆಲವು ಗೋಪುರಗಳನ್ನು ನುಂಗಿಬಿಡುತ್ತದೆ.

ಇಷ್ಟರಿಂದಲೂ ಗೊತ್ತಾಗದಿದ್ದರೆ ಒಂದು ಪ್ರಯೋಗವುಂಟು. ನಮಗೆ ಇದು ಬಹಳ ಮೆಚ್ಚಿಗೆಯಾದುದು. ಸಂಶಯವಿರುವ ಚಿತ್ರವನ್ನು ಬೇರೆಡೆ ಜೋಪಾನವಾಗಿಟ್ಟು, ಅದೇ ಹೆಸರು, ಅದೇ ಅಳತೆ, ಅದೇ ಬಗೆಯ ಬರಿಯ ಕೆಂಪು ಚಿತ್ರವೊಂದನ್ನು ಅದರ ಸ್ಥಾನದಲ್ಲಿರಿಸಿ ಸಿಮ್ಯುಲೇಟರನ್ನು ಮತ್ತೆ ಆರಂಭಿಸಿರಿ. ಗೋಪುರವು ಕೆಂಪಾಯಿತೆ? ಹಾಗಾದರೆ ವಿಳಾಸ ಸರಿಯಾಗಿದೆ, ಮೊದಲಿನ ಚಿತ್ರವೇ ಕೆಟ್ಟಿದೆ. ಬೂದಾಗಿಯೇ ಉಳಿಯಿತೆ? ತಂತ್ರಾಂಶವು ಆ ಸ್ಥಳದಲ್ಲಿ ಹುಡುಕುತ್ತಲೇ ಇಲ್ಲ. ಎಲ್ಲಿ ಹುಡುಕಿತೆಂಬುದನ್ನು ಎಕ್ಸ್-ಪ್ಲೇನಿನ ‘ಲಾಗ್’ ಎಂಬ ದಿನಚರಿ ಕಡತವು ಅನೇಕ ವೇಳೆ ತಾನೇ ಹೇಳುತ್ತದೆ. ಅದನ್ನು ಓದುವ ತಾಳ್ಮೆ ಬೇಕಷ್ಟೆ.

ನಮಗೆ ಆ ತಾಳ್ಮೆ ಮೊದಲಿನಿಂದ ಇತ್ತೆಂದು ಹೇಳಲಾರೆವು. ಒಮ್ಮೆ ಗೋಪುರವು ಬೂದಾದುದನ್ನು ಕಂಡು ಬೇಸತ್ತು, ಸೀನರಿಯನ್ನೆಲ್ಲ ಅಳಿಸಿ ಮತ್ತೆ ಸ್ಥಾಪಿಸಿದೆವು. ನಾವೇ ಹಂಪೆಯ ಬಿಸಿಲಿನಲ್ಲಿ ಅಲೆದು ತೆಗೆದು, ತಿದ್ದಿ ಸೇರಿಸಿದ್ದ ಚಿತ್ರಗಳೂ ಅದರೊಡನೆ ಅಳಿಸಿಹೋದವು. ಬೇರೆ ಪ್ರತಿ ಇರಲಿಲ್ಲ. ಗೋಪುರ ಮಾತ್ರ ಬೂದಾಗಿಯೇ ಇತ್ತು! ತಪ್ಪಿದ್ದುದು ಹೆಸರಿನ ಒಂದಕ್ಷರ.

ಕಾಣೆಯಾದ ಟೆಕ್ಸ್ಚರಿಗಿಂತ ಕಷ್ಟದ ಸಂಗತಿ ಇನ್ನೊಂದಿದೆ. ಸ್ಥಳದ ಚಿತ್ರವು ತನ್ನಲ್ಲಿ ಇಲ್ಲದೆಡೆ ತಂತ್ರಾಂಶವು ಯಾವ ಸೂಚನೆಯನ್ನೂ ಕೊಡದೆ ತನ್ನ ಉಗ್ರಾಣದ ಮನೆಮರಗಳನ್ನು ತಂದು ನಿಲ್ಲಿಸುತ್ತದೆ. ಬೂದು ಗೋಪುರವು ಕಣ್ಣಿಗೆ ಚುಚ್ಚುತ್ತದೆ, ಇದು ಚುಚ್ಚುವುದಿಲ್ಲ. ದಿನಚರಿಯಲ್ಲಿ ದೋಷವಿಲ್ಲ, ಖಾಲಿ ಚೌಕವೂ ಇಲ್ಲ. ತುಸು ಕೆಳಕ್ಕೆ ಇಳಿದು, ಕಂಪ್ಲಿಯ ಮೇಲೆ ನಿಧಾನವಾಗಿ ಒಂದು ಸುತ್ತು ಹಾಕಿದರೆ, ತುಂಗಭದ್ರೆಯ ದಂಡೆಯುದ್ದಕ್ಕೂ ಹಿಮ ಜಾರಲೆಂದು ಕಟ್ಟಿದ ಯೂರೋಪಿನ ಇಳಿಜಾರು ಮಾಡುಗಳು ಸಾಲಾಗಿ ನಿಂತಿರುವುದು ಕಂಡೀತು.