ಚೇಗು ನೋಡಿ ಹೆಜ್ಜೆಯಿಡು

ಮಗು, ಕಳೆದ ವಾರ ಪಲ್ಲಾವರದ ಶುಕ್ರವಾರದ ಸಂತೆಯಲ್ಲಿ ಹಳೇ ಬಾಗಿಲೊಂದನ್ನು ತೋರಿಸಿ ‘ಒಳ್ಳೇ ತೇಗ, ದೊಡ್ಡಪ್ಪ’ ಎಂದೆಯಲ್ಲ, ನಾನು ಅದರ ಮೆರುಗು ನೋಡಲಿಲ್ಲ. ಬಾಗಿಲನ್ನು ಮಗುಚಿ, ಕೊಯ್ದ ತುದಿಯನ್ನು ಉಗುರಿನಿಂದ ಕೆರೆದೆ. ಅಂಚಿನುದ್ದಕ್ಕೂ ಬಿಳಿ ಮರ, ಹಿಟ್ಟು ಉದುರಿತು. ನಲವತ್ತು ವರ್ಷದ ಮರದ ವ್ಯಾಪಾರ ನನಗೆ ಕಲಿಸಿದ್ದು ಇದನ್ನೇ: ಗೆದ್ದಲು ಮೊದಲು ಬಾಯಿ ಹಾಕುವುದು ಬಿಳಿ ಭಾಗಕ್ಕೆ. ಕಾಲಕ್ಕೆ ನಿಲ್ಲುವುದು ಒಳಗಿನ ಗಟ್ಟಿ ಮರ, ಚೇಗು.

ಮರದ ಡಿಪೋ ತಮ್ಮನ ಕೈಗೆ ಕೊಟ್ಟು ತಾಂಬರಂ ಕಾರ್ಪೊರೇಷನ್ ಚುನಾವಣೆಗೆ ನಿಲ್ಲುತ್ತೇನೆ ಎಂದು ನೀನು ಹೇಳಿದ್ದು ದಾರಿಯಲ್ಲಿ ಬರುವಾಗ. ಬೇಡ ಎನ್ನಲಾರೆ. ಆದರೆ ಮನುಷ್ಯನಲ್ಲೂ ನೋಡಬೇಕಾದ್ದು ಮೆರುಗಲ್ಲ, ಚೇಗು. ನಿನಗಿಂತ ಮೊದಲು ಇದೇ ಮದ್ರಾಸಿನಲ್ಲಿ ವ್ಯಾಪಾರದಿಂದ ರಾಜಕೀಯಕ್ಕೆ ಇಳಿದವರೊಬ್ಬರ ಬಾಳು ನಿನಗೆ ತಿಳಿದಿರಲಿ.

ಗಾಜುಲು ಲಕ್ಷ್ಮೀನರಸು ಚೆಟ್ಟಿ ಹುಟ್ಟಿದ್ದು 1806ರಲ್ಲಿ, ಮದ್ರಾಸಿನಲ್ಲಿ. ತಂದೆಯದು ನೀಲಿಯ ವ್ಯಾಪಾರ. ಮಗ ಅದರೊಡನೆ ಮದ್ರಾಸಿನ ಹೆಸರಾದ ಕರವಸ್ತ್ರಗಳ ವ್ಯಾಪಾರವನ್ನೂ ಬೆಳೆಸಿ ಚೆನ್ನಾಗಿ ಗಳಿಸಿದರು. ಗಳಿಸಿದ ಹಣ ಹೋದದ್ದೆಲ್ಲಿಗೆ ನೋಡು. 1844ರಲ್ಲಿ ‘ಕ್ರೆಸೆಂಟ್’ ಪತ್ರಿಕೆ ಹೊರಡಿಸಿದರು. 1852ರಲ್ಲಿ ಮದ್ರಾಸ್ ನೇಟಿವ್ ಅಸೋಸಿಯೇಷನ್ ಕಟ್ಟಿದರು. ಕಂಪನಿ ಸರ್ಕಾರದ ತೆರಿಗೆಯ ಭಾರ, ನ್ಯಾಯ ಸಿಗುವುದರಲ್ಲಿನ ವಿಳಂಬ, ಇವನ್ನೆಲ್ಲ ಬರೆದು ಬ್ರಿಟಿಷ್ ಪಾರ್ಲಿಮೆಂಟಿಗೇ ಮನವಿ ಕಳಿಸಿದರು. ಕಾಂಗ್ರೆಸ್ ಹುಟ್ಟಲು ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷ ಇತ್ತು.

ಆಗ ಕಂದಾಯ ವಸೂಲಿಗೆ ‘ಕಿಟ್ಟಿ’ ಎಂಬುದೊಂದಿತ್ತು. ಎರಡು ಕೋಲು, ಒಂದು ತುದಿಯಲ್ಲಿ ಕಟ್ಟು. ನಡುವೆ ರೈತನ ಬೆರಳಿಟ್ಟು ಅಮುಕುತ್ತಿದ್ದರು. ಇನ್ನು ಕೆಲವರ ಕೊರಳಿಗೂ ಕಾಲ್ಬೆರಳಿಗೂ ಹಗ್ಗ ಬಿಗಿದು, ಬಗ್ಗಿಸಿ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ಮರ ಮುಟ್ಟಿ ಬದುಕಿದ ನನಗೆ ಆ ಎರಡು ಕೋಲಿನ ಮಾತು ಓದಿದಾಗ ಕೈ ನಡುಗಿತು. ನಮ್ಮ ಬಳ್ಳಾರಿ, ಮಂಗಳೂರು ಸೀಮೆಗಳೂ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲೇ ಇದ್ದವು ಎಂಬುದನ್ನು ಮರೆಯಬೇಡ.

ಲಕ್ಷ್ಮೀನರಸು ಭಾಷಣ ಮಾಡಿ ಸುಮ್ಮನಾಗಲಿಲ್ಲ. 1853ರಲ್ಲಿ ಡ್ಯಾನ್ಬಿ ಸೇಮೂರ್ ಎಂಬ ಪಾರ್ಲಿಮೆಂಟ್ ಸದಸ್ಯರು ಇಲ್ಲಿಗೆ ಬಂದಾಗ ಅವರನ್ನು ಜಿಲ್ಲೆಗಳಿಗೆ ಕರೆದೊಯ್ದು, ರೈತರ ಪಾಡನ್ನು ಕಣ್ಣಾರೆ ಕಾಣಿಸಿದರು. ಮಾತು ಲಂಡನ್ನಿಗೆ ಮುಟ್ಟಿತು, ವಿಚಾರಣೆಗೆ ಆಯೋಗ ಬಂತು. ಹಿಂಸೆ ನಡೆಯುತ್ತಿದ್ದುದು ನಿಜವೆಂದು 1855ರಲ್ಲಿ ಅದರ ವರದಿಯೇ ಒಪ್ಪಿತು. 1863ರಲ್ಲಿ ಲಕ್ಷ್ಮೀನರಸು ಮದ್ರಾಸ್ ಶಾಸನ ಸಭೆಯ ಸದಸ್ಯರಾದರು. 1868ರಲ್ಲಿ ಕಣ್ಣು ಮುಚ್ಚಿದಾಗ ಕೈ ಬರಿದಾಗಿತ್ತು.

ನೀನೂ ಬರಿಗೈಯಾಗು ಎಂದು ನಾನು ಹೇಳುವುದಿಲ್ಲ. ನಿನಗೆ ಹೆಂಡತಿ ಮಕ್ಕಳಿದ್ದಾರೆ. ಡಿಪೋದ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ ಇರಲಿ. ಮೊದಲನೆಯದರಿಂದ ಎರಡನೆಯದಕ್ಕೆ ಹಣ ಹೋದರೆ ಹೋಗಲಿ, ಎರಡನೆಯದರಿಂದ ಮೊದಲನೆಯದಕ್ಕೆ ಒಂದು ರೂಪಾಯಿಯೂ ಬರಕೂಡದು. ಮನೆಮಾತು ಕನ್ನಡವಾದರೂ ನಿನ್ನ ವಾರ್ಡು ತಮಿಳಿನದು. ಲಕ್ಷ್ಮೀನರಸು ಮನೆಯ ಮಾತು ತೆಲುಗು. ನೊಂದ ರೈತ ಯಾವ ಮಾತಿನವನೆಂದು ಅವರು ಕೇಳಲಿಲ್ಲ. ಸ್ವಂತ ಕಣ್ಣಿನಿಂದ ನೋಡದ ಕಷ್ಟವನ್ನು ವೇದಿಕೆಯಲ್ಲಿ ಆಡಬೇಡ. ನೋಡಿದ್ದನ್ನು ಯಾರು ಹೆದರಿಸಿದರೂ ಆಡದೆ ಬಿಡಬೇಡ.

ನಾಮಪತ್ರಕ್ಕೆ ಇನ್ನೂ ಸಮಯವಿದೆ. ನಾಳೆ ಬೆಳಿಗ್ಗೆ ಒಂದು ನೋಟ್‌ಬುಕ್ ಹಿಡಿದು ಬಾ. ವಾರ್ಡಿನ ಮೊದಲ ಬೀದಿಯಿಂದ ಶುರು ಮಾಡೋಣ, ನಾನೂ ಜೊತೆಗೆ ನಡೆಯುತ್ತೇನೆ.