ಚೀಕಲಪರ್ವಿಯಿಂದ ಕಾಠ್ಮಂಡುವಿಗೆ: ಹಿಮಾಲಯ ಯಾತ್ರೆಗೆ ಎಂಟು ಹೆಜ್ಜೆ

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ವಿಜಯದಾಸರು ಹುಟ್ಟಿದ ಊರು. ರೈಲು, ಮೋಟಾರು ಇಲ್ಲದ ಕಾಲದಲ್ಲಿ ಅವರು ತುಂಗಭದ್ರೆಯ ದಡ ಬಿಟ್ಟು ಕಾಶಿಗೆ ಹೋಗಿ ಬಂದರು. ಇಂದು ಅದೇ ದಡದ ಊರುಗಳಿಂದ ಕಾಶಿಯನ್ನೂ ದಾಟಿ ನೇಪಾಳದವರೆಗೆ ಹೋಗುವವರು ಹೆಚ್ಚುತ್ತಿದ್ದಾರೆ. ಮಾನ್ವಿ, ದೇವದುರ್ಗ, ರಾಯಚೂರಿನಲ್ಲಿ ನಾಲ್ಕು ಮನೆಯವರು ಕೂಡಿದರೆ ಪಶುಪತಿನಾಥನ ಮಾತು ಬಂದೇ ಬರುತ್ತದೆ. ಆದರೆ ಹೋಗಿ ಬಂದ ಎಷ್ಟೋ ಜನರ ನೆನಪಿನಲ್ಲಿ ಉಳಿದಿರುವುದು ಬಸ್ಸಿನ ಕಿಟಕಿ ಮತ್ತು ದರ್ಶನದ ಸಾಲು ಮಾತ್ರ.

ಯಾತ್ರೆ ತುಂಬಿ ಬರಬೇಕಾದರೆ ಮೂರು ಮಾತು ನೆನಪಿಡಿ. ಊರು ಕಡಿಮೆಯಿರಲಿ, ಪ್ರತಿ ಊರಿಗೂ ಹೊತ್ತು ಹೆಚ್ಚಿರಲಿ. ತಗ್ಗಿನಿಂದ ಎತ್ತರಕ್ಕೆ ನಿಧಾನವಾಗಿ ಏರಿ. ಗುಡಿ ನಮ್ಮದು, ಸ್ತೂಪ ಬೇರೆಯವರದು ಎಂಬ ಎಣಿಕೆಯನ್ನು ಗಡಿಯಲ್ಲೇ ಬಿಡಿ. ಅಲ್ಲಿನ ಜನ ಎರಡಕ್ಕೂ ಕೈ ಮುಗಿಯುತ್ತಾರೆ.

ಹೆಜ್ಜೆ 1: ಮೊದಲು ಮಸ್ಕಿ ನೋಡಿ

ಲುಂಬಿನಿಗೆ ಹೋಗುವ ರಾಯಚೂರು ಜಿಲ್ಲೆಯವರು ಮಸ್ಕಿಯನ್ನು ನೋಡದೆ ಹೊರಡಬಾರದು. 1915ರಲ್ಲಿ ಸಿ. ಬೀಡನ್ ಎಂಬ ಎಂಜಿನಿಯರ್ ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವನ್ನು ಪತ್ತೆ ಮಾಡಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿದ್ದದ್ದು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳು. ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರೇ ಮಸ್ಕಿಯಲ್ಲಿ ಕಂಡಾಗ, ಆ ಶಾಸನಗಳೆಲ್ಲ ಯಾರವೆಂಬ ಸಂಶಯ ಕಳೆಯಿತು.

ಲುಂಬಿನಿಯಲ್ಲೂ ಅದೇ ಅರಸನ ಕಂಬವಿದೆ, ಅದೇ ಬ್ರಾಹ್ಮೀ ಲಿಪಿಯಿದೆ. ಅರ್ಧ ದಿನ ಮಾಡಿಕೊಂಡು ಮಕ್ಕಳನ್ನೂ ಮಸ್ಕಿಗೆ ಕರೆದೊಯ್ಯಿರಿ. ಇಲ್ಲಿ ಅಕ್ಷರ ಕಂಡ ಮಗುವಿಗೆ ಅಲ್ಲಿನ ಕಂಬ ಗುರುತು ಹತ್ತುತ್ತದೆ.

ಹೆಜ್ಜೆ 2: ತಿಂಗಳು ಗೊತ್ತು ಮಾಡಿ

ಮಳೆ ನಿಂತು ಬೆಟ್ಟ ತೊಳೆದಿಟ್ಟಂತೆ ಕಾಣುವುದು ಅಕ್ಟೋಬರ್–ನವೆಂಬರ್‌ನಲ್ಲಿ. ಮಾರ್ಚ್–ಏಪ್ರಿಲ್ ಎರಡನೆಯ ಒಳ್ಳೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು, ಆಗ ಬೇಡ.

ನಮ್ಮ ದಸರೆಯೇ ಅಲ್ಲಿನ ದಶೈಂ. ಆ ದಿನಗಳಲ್ಲಿ ನೇಪಾಳಿಗರು ಊರಿಗೆ ಹೋಗುವುದರಿಂದ ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ, ಅಂಗಡಿ ಕಚೇರಿಗಳು ಮುಚ್ಚಿರುತ್ತವೆ. ದಶೈಂ ಮುಗಿದ ಮೇಲೆ ಹೊರಡಿ. ವಿಜಯದಾಸರ ಆರಾಧನೆ ಕಾರ್ತಿಕ ಶುದ್ಧ ದಶಮಿಯಂದು. ಆರಾಧನೆಗೆ ಊರಿನಲ್ಲಿರಬೇಕಾದವರು ಆ ಲೆಕ್ಕ ಹಿಡಿದೇ ಟಿಕೆಟ್ ಮಾಡಿಸಿ. ಭತ್ತದ ಕೊಯ್ಲಿರುವ ಮನೆಯವರಿಗೆ ಮಾರ್ಚ್ ತಿಂಗಳೇ ಅನುಕೂಲ.

ಹೆಜ್ಜೆ 3: ಕಾಗದಪತ್ರ ಸರಿಪಡಿಸಿ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ಗುರುತಿನ ದಾಖಲೆ ಬೇಕು: ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ. ಬಹಳ ಜನ ಎಡವುವುದು ಇಲ್ಲೇ. 15ರಿಂದ 65 ವರ್ಷದೊಳಗಿನವರು ಆಧಾರ್ ಕಾರ್ಡೊಂದನ್ನೇ ನಂಬಿ ಹೋದರೆ ವಿಮಾನ ನಿಲ್ದಾಣದಿಂದ ಹಿಂತಿರುಗಬೇಕಾದೀತು. 15ಕ್ಕಿಂತ ಚಿಕ್ಕವರು, 65 ದಾಟಿದವರು ಆಧಾರ್‌ನಂಥ ಫೋಟೊ ದಾಖಲೆ ತೋರಿಸಬಹುದು. 15ರಿಂದ 18ರ ಮಕ್ಕಳಿಗೆ ಶಾಲೆಯ ಮುಖ್ಯಸ್ಥರಿಂದ ಗುರುತಿನ ಪತ್ರ ಬರೆಸಿಕೊಳ್ಳಿ.

ಮತದಾರರ ಚೀಟಿಯಲ್ಲಿರುವ ಹೆಸರಿಗೂ ಟಿಕೆಟ್‌ನ ಹೆಸರಿಗೂ ತಾಳೆಯಿರಲಿ. ತಿದ್ದುಪಡಿ ಬೇಕಿದ್ದರೆ ಎರಡು ಮೂರು ತಿಂಗಳು ಮೊದಲೇ ಅರ್ಜಿ ಹಾಕಿ. ಎಲ್ಲ ದಾಖಲೆಗಳ ಎರಡೆರಡು ಝೆರಾಕ್ಸ್, ತಲಾ ನಾಲ್ಕು ಫೋಟೊ ಬೇರೆ ಚೀಲದಲ್ಲಿಡಿ; ಸಿಮ್ ಕಾರ್ಡ್ ಕೊಳ್ಳುವಾಗ, ಪರವಾನಗಿ ಪಡೆಯುವಾಗ ಕೇಳುತ್ತಾರೆ.

ಹೆಜ್ಜೆ 4: ರೊಕ್ಕದ ಲೆಕ್ಕ

ನಮ್ಮ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಈ ದರ ಸ್ಥಿರವಾಗಿದೆ. ಅಂಗಡಿಯವರು ಬೆಲೆ ಹೇಳಿದಾಗ ಅದು ‘ಐಸಿ’ಯೋ ‘ಎನ್‌ಸಿ’ಯೋ ಎಂದು ಕೇಳಿ. ಐಸಿ ಎಂದರೆ ಭಾರತದ ರೂಪಾಯಿ, ಎನ್‌ಸಿ ಎಂದರೆ ನೇಪಾಳದ್ದು. ಕೈಯಲ್ಲಿ 100ರ ನೋಟುಗಳೇ ಹೆಚ್ಚಿರಲಿ. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುವುದರಿಂದ ಹೊರಡುವ ವಾರ ಬ್ಯಾಂಕಿನಲ್ಲಿ ವಿಚಾರಿಸಿ. 2024ರಿಂದ ನೇಪಾಳದ ಫೋನ್‌ಪೇ ಕ್ಯುಆರ್ ಫಲಕಗಳಲ್ಲಿ ನಮ್ಮ ಯುಪಿಐ ನಡೆಯುತ್ತದೆ. ನಗರದಲ್ಲಿ ಇದು ಅನುಕೂಲ. ಬೆಟ್ಟದ ಊರುಗಳಲ್ಲಿ ನಗದನ್ನೇ ನಂಬಿ.

ಸ್ಮಾರಕಗಳ ಪ್ರವೇಶಕ್ಕೆ ಸಾರ್ಕ್ ದೇಶದವರಿಗೆ ಉಳಿದ ವಿದೇಶಿಯರಿಗಿಂತ ಕಡಿಮೆ ಶುಲ್ಕ. ‘ಇಂಡಿಯನ್’ ಎಂದು ಹೇಳಿ ಗುರುತಿನ ಚೀಟಿ ತೋರಿಸಿ.

ಹೆಜ್ಜೆ 5: ರಾಯಚೂರಿನಿಂದ ಲುಂಬಿನಿಗೆ

ಹೋಗುವಾಗ ನೆಲದ ದಾರಿ, ಬರುವಾಗ ವಿಮಾನ: ಈ ಕ್ರಮ ದೇಹಕ್ಕೂ ಹಿತ, ಜೇಬಿಗೂ ಹಿತ. ಚೀಕಲಪರ್ವಿ, ಮಾನ್ವಿ, ದೇವದುರ್ಗದವರು ರಾಯಚೂರಿಗೆ ಬಂದು ಹೈದರಾಬಾದ್ ಸೇರಿ. ಅಲ್ಲಿಂದ ವಿಮಾನದಲ್ಲಿ ಕಾಶಿಗೆ ಹೋಗಬಹುದು. ರೈಲಾದರೆ ದಾನಾಪುರದ ಗಾಡಿ ಹಿಡಿದು ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ, ಇಳಿಯಿರಿ. ಕಾಶಿ ಅಲ್ಲಿಂದ ಹತ್ತಿರ. ರೈಲಿನ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ; ಅದೇ ದಿನ ಮಾಡಿಸಿ.

ಕಾಶಿಯಲ್ಲಿ ವಿಶ್ವನಾಥನ ದರ್ಶನದ ಜೊತೆಗೆ ಸಾರನಾಥವನ್ನೂ ನೋಡಿ. ಬುದ್ಧ ಮೊದಲ ಉಪದೇಶ ಮಾಡಿದ ಆ ತಾಣ ನಗರದಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮರುದಿನ ಗೋರಖಪುರ, ಅಲ್ಲಿಂದ ಸುಮಾರು 100 ಕಿ.ಮೀ. ದೂರದ ಸುನೌಲಿ ಗಡಿ. ಹಗಲಲ್ಲೇ ಗಡಿ ದಾಟಿ ಭೈರಹವಾ ಮೂಲಕ ಲುಂಬಿನಿ ಸೇರಿ. ಗಡಿ ದಾಟಿದ ಕೂಡಲೇ ಗಡಿಯಾರವನ್ನು 15 ನಿಮಿಷ ಮುಂದಿಡಿ. ಬಸ್ಸು, ವಿಮಾನದ ಹೊತ್ತೆಲ್ಲ ನೇಪಾಳದ ಗಂಟೆಯಲ್ಲೇ ಇರುತ್ತದೆ.

ಲುಂಬಿನಿಗೆ ಒಂದು ಪೂರ್ತಿ ದಿನ ಕೊಡಿ. ಬೆಳಿಗ್ಗೆ ಮಾಯಾದೇವಿ ಮಂದಿರ. ಅದರ ಪಕ್ಕದಲ್ಲೇ 1896ರಲ್ಲಿ ಗುರುತಿಸಲಾದ ಅಶೋಕ ಸ್ತಂಭ. ಪಟ್ಟಕ್ಕೇರಿದ ಇಪ್ಪತ್ತು ವರ್ಷಗಳ ಮೇಲೆ ಅರಸ ತಾನೇ ಇಲ್ಲಿಗೆ ಬಂದು ಪೂಜಿಸಿದ, ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದನೆಂದು ಊರಿನ ಕಂದಾಯ ಇಳಿಸಿದ ಎಂಬುದು ಆ ಬರಹದ ಸಾರ. ಮಧ್ಯಾಹ್ನ ಬ್ಯಾಟರಿ ರಿಕ್ಷಾ ಹಿಡಿದು ವಿಹಾರಗಳನ್ನು ನೋಡಿ. ಕಾಲುವೆಯ ಪೂರ್ವಕ್ಕೆ ಥೇರವಾದದ, ಪಶ್ಚಿಮಕ್ಕೆ ಮಹಾಯಾನದ ವಿಹಾರಗಳಿವೆ. ಹಲವು ದೇಶಗಳವರು ತಮ್ಮ ತಮ್ಮ ಶೈಲಿಯಲ್ಲಿ ಕಟ್ಟಿಸಿದ್ದಾರೆ.

ಹೆಜ್ಜೆ 6: ಪೋಖರಾ, ಮುಕ್ತಿನಾಥ

ಲುಂಬಿನಿಯಿಂದ ಬುಟ್ವಲ್ ಮೂಲಕ ಪೋಖರಾಗೆ ಹಗಲು ಬಸ್ಸು ಹಿಡಿಯಿರಿ. ತಿರುವಿನ ರಸ್ತೆ, ಇಡೀ ದಿನದ ದಾರಿ. ವಾಂತಿಯಾಗುವವರು ಮಾತ್ರೆ ಇಟ್ಟುಕೊಳ್ಳಿ. ಪೋಖರಾದಲ್ಲಿ ಎರಡು ರಾತ್ರಿ ಉಳಿದು ಫೇವಾ ಕೆರೆಯ ನಡುವಿನ ತಾಲ ಬಾರಾಹಿ, ಗುಡ್ಡದ ಮೇಲಿನ ವಿಂಧ್ಯವಾಸಿನಿ, ಕೆರೆಯಾಚೆಯ ಶಾಂತಿ ಸ್ತೂಪ ನೋಡಿ. ಅಲ್ಲೇ ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪರವಾನಗಿ ಮಾಡಿಸಿ.

ಮುಕ್ತಿನಾಥದ ದಾರಿಯಲ್ಲಿರುವ ಜೋಮ್ಸೋಮ್‌ಗೆ ಪೋಖರಾದಿಂದ ಸಣ್ಣ ವಿಮಾನದಲ್ಲಿ ಸುಮಾರು 20 ನಿಮಿಷ. ಕಾಳಿ ಗಂಡಕಿ ಕಣಿವೆಯಲ್ಲಿ ಹೊತ್ತೇರಿದಂತೆ ಗಾಳಿ ಬಲಿಯುವುದರಿಂದ ವಿಮಾನಗಳು ಬೆಳಿಗ್ಗೆಯೇ ಹಾರುತ್ತವೆ. ಹವೆ ಕೆಟ್ಟರೆ ರದ್ದಾಗುತ್ತವೆ. ಆದ್ದರಿಂದ ಒಂದು ದಿನ ಕೈಯಲ್ಲಿ ಮಿಕ್ಕಿರಲಿ. ಜೀಪಿನಲ್ಲಿ ಬೇನಿ ಮೂಲಕವೂ ಹೋಗಬಹುದು; ದಾರಿ ಒರಟು, ಆದರೆ ಎತ್ತರಕ್ಕೆ ದೇಹ ಹೊಂದಿಕೊಳ್ಳಲು ಇದೇ ಒಳ್ಳೆಯದು.

ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ; ಮುಕ್ತಿನಾಥ ಸುಮಾರು 3,700 ಮೀಟರ್. ಒಂದೇ ಉಸಿರಿಗೆ ಏರಬೇಡಿ. ಮೊದಲ ರಾತ್ರಿ ಜೋಮ್ಸೋಮ್ ಇಲ್ಲವೇ ಕಾಗ್ಬೇನಿಯಲ್ಲಿ ತಂಗಿ, ಮರುದಿನ ಮೇಲೆ ಹೋಗಿ ದರ್ಶನ ಮುಗಿಸಿ ಸಂಜೆಯೊಳಗೆ ಇಳಿಯಿರಿ. ಕಾಗ್ಬೇನಿಯ ಸಂಗಮದಲ್ಲಿ ಪಿತೃಗಳಿಗೆ ಪಿಂಡ ಹಾಕುವ ಪದ್ಧತಿಯಿದೆ. ರಕ್ತದೊತ್ತಡ, ಉಬ್ಬಸ, ಹೃದಯದ ತೊಂದರೆ ಇದ್ದವರು ರಾಯಚೂರಿನಲ್ಲೇ ವೈದ್ಯರ ಸಲಹೆ ಪಡೆಯಿರಿ. ತಲೆನೋವು, ಓಕರಿಕೆ, ಏದುಸಿರು ಹೆಚ್ಚಾದರೆ ಕಾಯಬೇಡಿ, ಕೆಳಗಿಳಿಯಿರಿ. ಇಳಿಯುವುದೇ ಮೊದಲ ಮದ್ದು.

ನಮ್ಮ ಮನೆಗಳ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದ ತವರು ಈ ಗಂಡಕಿ. ಮುಕ್ತಿನಾಥನ ಗುಡಿಯ ಹಿಂದೆ 108 ಗೋಮುಖಗಳಿಂದ ಹಿಮದ ನೀರು ಸುರಿಯುತ್ತದೆ. ಮುಂದೆ ಎರಡು ಕುಂಡ. ವಯಸ್ಸಾದವರು ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು. ವೈಷ್ಣವರಿಗೆ ಇದು ದಿವ್ಯದೇಶ. ಟಿಬೆಟಿನ ಬೌದ್ಧರಿಗೆ ‘ಚುಮಿಗ್ ಗ್ಯಾತ್ಸ’, ಅಷ್ಟೇ ಪವಿತ್ರ. ಗುಡಿಯ ಸೇವೆಯಲ್ಲಿ ಬೌದ್ಧ ಸಂನ್ಯಾಸಿನಿಯರೂ ಇದ್ದಾರೆ. ಹತ್ತಿರದ ಜ್ವಾಲಾಮಾಯಿ ಗುಡಿಯಲ್ಲಿ ನೆಲದ ಅನಿಲದಿಂದ ಉರಿಯುವ ಸಣ್ಣ ಜ್ವಾಲೆಯನ್ನು ನೋಡದೆ ಬರಬೇಡಿ. ಸಾಲಿಗ್ರಾಮವನ್ನು ಹೊಳೆಯಿಂದ ಎತ್ತಿಕೊಳ್ಳುವ ಮುನ್ನ ಅಲ್ಲಿನವರನ್ನು ಕೇಳಿ, ಕೊಂಡರೆ ರಶೀದಿ ಪಡೆಯಿರಿ.

ಹೆಜ್ಜೆ 7: ಕಾಠ್ಮಂಡು ಕಣಿವೆಯ ಮೂರು ನಗರ

ಕಾಠ್ಮಂಡು, ಪಾಟನ್, ಭಕ್ತಪುರ: ಮೂರೂ ಹಿಂದೆ ಬೇರೆ ಬೇರೆ ಮಲ್ಲ ಅರಸರ ರಾಜಧಾನಿಗಳು. ಈ ಕಣಿವೆಯ ಏಳು ಸ್ಮಾರಕ ಸಮೂಹಗಳು 1979ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಹಲವು ಗುಡಿಗಳು ಬಿದ್ದವು. ಅನೇಕವನ್ನು ಹಳೆಯ ಪದ್ಧತಿಯಲ್ಲೇ ಮತ್ತೆ ಕಟ್ಟಿದ್ದಾರೆ. ಇಲ್ಲಿಗೆ ಮೂರು ದಿನ ಮೀಸಲಿಡಿ.

*ಮೊದಲ ದಿನ, ಕಾಠ್ಮಂಡು.* ಬೆಳಿಗ್ಗೆ ಬೇಗನೆ ಪಶುಪತಿನಾಥ. ಚರ್ಮದ ಬೆಲ್ಟು, ಪರ್ಸು ವಸತಿಯಲ್ಲೇ ಬಿಡಿ. ಗುಡಿಯೊಳಗೆ ಫೋಟೊ ತೆಗೆಯುವಂತಿಲ್ಲ. ಗರ್ಭಗುಡಿಯಲ್ಲಿ ಲಿಂಗ ಮುಟ್ಟಿ ಪೂಜಿಸುವ ಭಟ್ಟರು ಪರಂಪರೆಯಿಂದ ನಮ್ಮ ಕರ್ನಾಟಕದ ಕರಾವಳಿ ಕಡೆಯವರು. ಬಾಗಮತಿಯ ಘಾಟಿನಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ದುಃಖದಲ್ಲಿರುವವರ ಕಡೆ ಮೊಬೈಲು ಎತ್ತಬೇಡಿ. ಅಲ್ಲಿಂದ ಬೌದ್ಧನಾಥ ಹತ್ತಿರ. 1959ರ ನಂತರ ಟಿಬೆಟಿನಿಂದ ಬಂದವರು ಈ ಮಹಾಸ್ತೂಪದ ಸುತ್ತ ನೆಲೆಸಿದರು. ಬೈಲಕುಪ್ಪೆ, ಮುಂಡಗೋಡ ಕಂಡವರಿಗೆ ಇಲ್ಲಿನ ಮಂತ್ರಪಠಣ ಹೊಸದೆನಿಸದು. ನಮ್ಮ ಪ್ರದಕ್ಷಿಣೆಯಂತೆಯೇ ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತಿ. ಸಂಜೆ ಸ್ವಯಂಭು ಗುಡ್ಡ. ಪೂರ್ವದ ಮೆಟ್ಟಿಲು ಕಡಿದು. ಮಂಡಿನೋವಿನವರು ಟ್ಯಾಕ್ಸಿಯಲ್ಲಿ ಹಿಂದಿನ ರಸ್ತೆಯಿಂದ ಹೋಗಿ. ಅಲ್ಲಿನ ಹಾರತಿ ಗುಡಿಗೆ ಹಿಂದೂಗಳೂ ಬೌದ್ಧರೂ ಮಕ್ಕಳ ಆರೋಗ್ಯಕ್ಕಾಗಿ ಹರಕೆ ಹೊರುತ್ತಾರೆ.

*ಎರಡನೆಯ ದಿನ, ಪಾಟನ್.* 1637ರಲ್ಲಿ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕೃಷ್ಣ ಮಂದಿರ ಪೂರ್ತಿ ಕಲ್ಲಿನದು. ಸುತ್ತಲೂ ರಾಮಾಯಣ, ಮಹಾಭಾರತದ ಕೆತ್ತನೆ. ನಾಲ್ಕು ಹೆಜ್ಜೆ ನಡೆದರೆ ಬೌದ್ಧರ ಹಿರಣ್ಯವರ್ಣ ಮಹಾವಿಹಾರ. ಮಧ್ಯಾಹ್ನ ಕಾಠ್ಮಂಡುವಿನ ಹನುಮಾನ್ ಢೋಕಾ, ಕುಮಾರಿ ಮನೆ. ಶಾಕ್ಯ ಎಂಬ ಬೌದ್ಧ ಮನೆತನದ ಪುಟ್ಟ ಹುಡುಗಿಯನ್ನು ಆರಿಸಿ ತಲೇಜು ದೇವಿಯೆಂದು ಪೂಜಿಸುವ ಪದ್ಧತಿ ಇಲ್ಲಿದೆ. ಕುಮಾರಿ ಕಿಟಕಿಯಲ್ಲಿ ಕಾಣಿಸಿಕೊಂಡರೆ ಕೈ ಮುಗಿಯಿರಿ; ಫೋಟೊ ನಿಷಿದ್ಧ.

*ಮೂರನೆಯ ದಿನ, ಚಾಂಗು ನಾರಾಯಣ ಮತ್ತು ಭಕ್ತಪುರ.* ಚಾಂಗು ಗುಡ್ಡದ ಮೇಲೆ ಲಿಚ್ಛವಿ ಅರಸ ಮಾನದೇವನ ಕ್ರಿ.ಶ. 464ರ ಶಾಸನವಿದೆ. ಭಕ್ತಪುರದಲ್ಲಿ 1702ರ ಐದಂತಸ್ತಿನ ನ್ಯಾತಪೋಲ, 55 ಕಿಟಕಿಗಳ ಅರಮನೆ, ತಲೇಜು ಗುಡಿ. ಈ ತಲೇಜುವಿಗೂ ನಮಗೂ ನಂಟಿದೆ. ಕರ್ಣಾಟ ಮೂಲದ ನಾನ್ಯದೇವ 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ. ಅವನ ವಂಶದ ರಾಜಧಾನಿ ಸಿಮ್ರೌನ್‌ಗಢ ಇಂದು ನೇಪಾಳದಲ್ಲಿದೆ. 1324ರ ಸುಮಾರಿಗೆ ದೆಹಲಿಯ ತುಘಲಕ್ ಸೇನೆಗೆ ಸೋತು ಹರಿಸಿಂಹದೇವನ ಪರಿವಾರ ಬೆಟ್ಟದತ್ತ ಓಡಿತು. ಅವರೊಂದಿಗೇ ತಲೇಜು ಭಕ್ತಪುರಕ್ಕೆ ಬಂದಳೆಂದು ನೇಪಾಳದ ಪರಂಪರೆ ಹೇಳುತ್ತದೆ.

ಹೆಜ್ಜೆ 8: ಚೀಲ ಮತ್ತು ವಾಪಸು ದಾರಿ

- ಮೈಗೆ: ಉಣ್ಣೆ ಸ್ವೆಟರ್, ಮಂಕಿ ಕ್ಯಾಪ್, ಕೈಗವಸು, ಕಾಲುಚೀಲ, ಒಂದು ಗಾಳಿ ತಡೆಯುವ ಜಾಕೆಟ್. ಚಪ್ಪಲಿ ಬೇಡ, ಪಳಗಿದ ಶೂ ಇರಲಿ.
- ಹೊಟ್ಟೆಗೆ: ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ. ಅಲ್ಲಿ ಎಲ್ಲೆಡೆ ಸಿಗುವ ದಾಲ್–ಭಾತ್ ಹಗುರವಾದ ಊಟ. ‘ಶಾಕಾಹಾರಿ’ ಎಂದು ಮೊದಲೇ ಹೇಳಿ. ಕಾಯಿಸಿದ ನೀರನ್ನೇ ಕುಡಿಯಿರಿ.
- ಮದ್ದು: ದಿನನಿತ್ಯದ ಗುಳಿಗೆಗಳು ವಾರಕ್ಕಾಗುವಷ್ಟು ಹೆಚ್ಚೇ ಇರಲಿ, ಜೊತೆಗೆ ವೈದ್ಯರ ಚೀಟಿ.
- ಮೊಬೈಲ್: ಗಡಿಯಲ್ಲಿ ನೇಪಾಳ ಟೆಲಿಕಾಂ ಇಲ್ಲವೇ ಎನ್‌ಸೆಲ್ ಸಿಮ್ ಕೊಳ್ಳಿ. ತಂಡಕ್ಕೆ ಎರಡು ಸಾಕು.

ವಾಪಸು ಬರಲು ಕಾಠ್ಮಂಡುವಿನಿಂದ ದೆಹಲಿಗೆ ವಿಮಾನ. ಬಲಗಡೆಯ ಕಿಟಕಿ ಕೇಳಿ ಪಡೆಯಿರಿ, ಹಿಮಾಲಯದ ಸಾಲು ಆ ಕಡೆ ಕಾಣುತ್ತದೆ. ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ನೇರವಾಗಿ ರಾಯಚೂರಿಗೆ ತಂದು ಬಿಡುತ್ತದೆ. ಒಟ್ಟು ಯಾತ್ರೆಗೆ 17–18 ದಿನ ಬೇಕು: ಕಾಶಿಯವರೆಗಿನ ಪ್ರಯಾಣಕ್ಕೆ ಎರಡು, ಕಾಶಿ–ಸಾರನಾಥಕ್ಕೆ ಒಂದು, ಲುಂಬಿನಿಗೆ ಎರಡು, ಪೋಖರಾ–ಮುಕ್ತಿನಾಥಕ್ಕೆ ಆರು, ಕಾಠ್ಮಂಡುವಿಗೆ ಹೋಗುವ ದಾರಿಯೂ ಸೇರಿ ಕಣಿವೆಗೆ ನಾಲ್ಕು, ಉಳಿದದ್ದು ವಾಪಸಿಗೆ.

ಅಷ್ಟು ರಜೆ ಇಲ್ಲದವರು ಎಲ್ಲವನ್ನೂ ಹತ್ತು ದಿನಕ್ಕೆ ತುರುಕಬೇಡಿ, ಊರನ್ನೇ ಬಿಡಿ. ಮೊದಲು ಬಿಡಬೇಕಾದದ್ದು ಮುಕ್ತಿನಾಥ, ಏಕೆಂದರೆ ಅವಸರದಲ್ಲಿ ಅಲ್ಲಿಗೇರುವುದು ಅಪಾಯ. ಆಮೇಲೆ ಪೋಖರಾ. ಲುಂಬಿನಿ ಮತ್ತು ಕಣಿವೆಯ ಮೂರು ನಗರಗಳನ್ನು ಮಾತ್ರ ಬಿಡಬೇಡಿ. ಮಸ್ಕಿಯ ಅರಸನ ಅಕ್ಷರ, ಕರಾವಳಿಯ ಭಟ್ಟರ ಪೂಜೆ, ಕರ್ಣಾಟ ವಂಶದ ದೇವಿ, ಮೂರೂ ಆ ಹಾದಿಯಲ್ಲೇ ಇವೆ. ಅಲ್ಲಿ ನಾವು ಪ್ರವಾಸಿಗರು ನಿಜ, ಆದರೆ ಪರಕೀಯರಲ್ಲ; ಅದನ್ನು ತಿಳಿದು ನೋಡುವುದಕ್ಕೆ ಬೇಕಾದಷ್ಟು ಹೊತ್ತನ್ನು ನಿಮಗೆ ನೀವೇ ಕೊಟ್ಟುಕೊಳ್ಳಿ.